ಗಾಡಿಯ ವಯಸ್ಸು ಕ್ಯಾಮೆರಾಗೆ ಗೊತ್ತು, ಕಾಯಿಲೆ ಯಾರಿಗೆ ಗೊತ್ತು?

2025ರ ಜುಲೈ 1ರಂದು ದೆಹಲಿಯ ಪೆಟ್ರೋಲ್ ಬಂಕ್‌ಗಳಲ್ಲಿ ಕ್ಯಾಮೆರಾಗಳು ಹೊಸ ಕೆಲಸ ಶುರುಮಾಡಿದವು. ಒಳಗೆ ಬಂದ ಗಾಡಿಯ ನಂಬರ್ ಪ್ಲೇಟ್ ಓದೋದು, ಸರ್ಕಾರಿ ದಾಖಲೆಯಲ್ಲಿ ಅದು ಹುಟ್ಟಿದ ವರ್ಷ ಹುಡುಕೋದು, ಡೀಸೆಲ್ ಆಗಿದ್ದು 10 ವರ್ಷ ಅಥವಾ ಪೆಟ್ರೋಲ್ ಆಗಿದ್ದು 15 ವರ್ಷ ದಾಟಿದ್ದರೆ 'ಇದಕ್ಕೆ ಹಾಕಬೇಡಿ' ಎಂದು ಎಚ್ಚರಿಸೋದು. ಜನ ರೊಚ್ಚಿಗೆದ್ದರು, ಕೆಲವೇ ದಿನಗಳಲ್ಲಿ ಆದೇಶ ಮುಂದಕ್ಕೆ ಹೋಯಿತು. ಆಗಸ್ಟ್ 12ರಂದು ಸುಪ್ರೀಂ ಕೋರ್ಟ್, ಬರೀ ವಯಸ್ಸಾಯಿತು ಅನ್ನೋ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಅದೇ ಕೋರ್ಟ್ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕಿಂತ ಮೇಲಿನ ಗಾಡಿಗಳಿಗೆ ಮಾತ್ರ ಸೀಮಿತಗೊಳಿಸಿತು.

ಆರೇ ತಿಂಗಳಲ್ಲಿ ಇಷ್ಟೊಂದು ತಿರುವು ಯಾಕೆ ಅಂದ್ರೆ, ಮೂಲ ಪ್ರಶ್ನೆಯನ್ನೇ ಯಾರೂ ಸರಿಯಾಗಿ ಕೇಳಿರಲಿಲ್ಲ. ಕ್ಯಾಮೆರಾಗೆ ಗಾಡಿಯ ವಯಸ್ಸು ಗೊತ್ತು. ಆದರೆ ಅದರ ಇಂಜಿನ್ ಈ ಕ್ಷಣ ಏನನ್ನು ಉಗುಳುತ್ತಿದೆ ಅನ್ನೋದು ಗೊತ್ತಿಲ್ಲ. ಅದು ಗೊತ್ತಿರೋದು ಗಾಡಿಯೊಳಗೇ ಕೂತಿರೋ ಕಂಪ್ಯೂಟರಿಗೆ. ಆ ಕಂಪ್ಯೂಟರಿನ ಮಾತು ಕೇಳಿಸಿಕೊಳ್ಳೋ ಹಕ್ಕು ಯಾರಿಗಿದೆ? ಮಾಲೀಕರಿಗಾ, ಬೀದಿಯ ಮೆಕ್ಯಾನಿಕ್‌ಗಾ, ಕಂಪನಿಗಾ, ಸರ್ಕಾರಕ್ಕಾ?

ಇದು ದೆಹಲಿಯ ತಲೆನೋವು, ನಮಗೇನು ಅಂತ ಬೆಂಗಳೂರಲ್ಲೋ ಹಾವೇರಿಯಲ್ಲೋ ಕೂತವರು ಕೇಳಬಹುದು. ಆ ನಿಯಮ ಇಲ್ಲಿಲ್ಲ, ಸರಿ. ಆ ಯೋಚನೆ ಇಲ್ಲೂ ಇದೆ. 2021ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಗುಜರಿ ನೀತಿಯ ನಂತರ, ಹಳೇ ಗಾಡಿ ಇಟ್ಟುಕೊಳ್ಳೋದನ್ನು ದುಬಾರಿ ಮಾಡುವುದೇ ದಾರಿಯಾಗಿದೆ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ ಅದು 10,000 ಆಯಿತು. ಗಾಡಿ ಚೆನ್ನಾಗಿಟ್ಟುಕೊಂಡವರಿಗೂ ಅದೇ ಶುಲ್ಕ, ಕೆಡಿಸಿಟ್ಟವರಿಗೂ ಅದೇ ಶುಲ್ಕ.

ಹಳೇ ಎಸ್‌ಯುವಿಗಳ ಪರ ವಕಾಲತ್ತು ಯಾಕೆ ಅಂತಲೂ ಕೇಳಬಹುದು. ನಮ್ಮಲ್ಲಿ ಎಸ್‌ಯುವಿ ಅಂದ್ರೆ ಕಪ್ಪು ಗಾಜು, ಮುಂದೊಂದು ಬಾವುಟ, ಟೋಲ್‌ನಲ್ಲಿ ಜಗಳ ಅನ್ನೋ ಚಿತ್ರ ಕಣ್ಣಿಗೆ ಬರುತ್ತೆ. ಅದು ಮೊದಲ ಮಾಲೀಕರ ಕತೆ. ಹತ್ತು ವರ್ಷದ ನಂತರ ಅದೇ ಗಾಡಿ ಮೂರನೇ ಕೈಗೆ ಬರುತ್ತೆ. ಆಗ ಅದು ಮಲೆನಾಡಿನಲ್ಲಿ ಬಸ್ಸು ಹೋಗದ ದಾರಿಯಲ್ಲಿ ಶಾಲೆ ಮಕ್ಕಳನ್ನು ಕರೆದೊಯ್ಯುತ್ತೆ, ರಾತ್ರಿ ಹೆರಿಗೆ ನೋವು ಬಂದವರನ್ನು ತಾಲೂಕು ಆಸ್ಪತ್ರೆಗೆ ಮುಟ್ಟಿಸುತ್ತೆ, ಬಯಲುಸೀಮೆಯಲ್ಲಿ ಎಪಿಎಂಸಿಗೆ ಟೊಮ್ಯಾಟೊ ಕ್ರೇಟ್ ಹೊರುತ್ತೆ. ಹೊಸ ಗಾಡಿ ಕೊಳ್ಳೋ ಶಕ್ತಿ ಇಲ್ಲದವರ ಕೈಯಲ್ಲಿ ಹಳೇ ಗಾಡಿ ಇರುತ್ತೆ. ಅದರ ನೀತಿ ಅಂದ್ರೆ ಅವರ ಬದುಕಿನ ನೀತಿ.

ಸ್ಟೇರಿಂಗ್ ಕೆಳಗಿನ ಕಿಟಕಿ

ನಿಮ್ಮ ಮನೆಯಲ್ಲಿ ಕಾರಿದ್ದರೆ ಡ್ರೈವರ್ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡಿನ ಕೆಳಗೆ ಕೈಹಾಕಿ ನೋಡಿ. 16 ಪಿನ್‌ಗಳ, ಅಂಗೈಗಿಂತ ಚಿಕ್ಕದಾದ ಒಂದು ಸಾಕೆಟ್ ಸಿಗುತ್ತೆ. ಅದರ ಹೆಸರು ಒಬಿಡಿ ಪೋರ್ಟ್. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗೋ ಬ್ಲೂಟೂತ್ ಸಾಧನ ಒಂದನ್ನು ಅದಕ್ಕೆ ಸಿಕ್ಕಿಸಿ, ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಇಂಜಿನ್ ಕಂಪ್ಯೂಟರ್ ನಿಮ್ಮ ಜೊತೆ ಮಾತಾಡುತ್ತೆ. ಕೂಲಂಟ್ ಎಷ್ಟು ಬಿಸಿ ಇದೆ, ಎಷ್ಟು ಗಾಳಿ ಒಳಗೆ ಹೋಗ್ತಿದೆ, ಬ್ಯಾಟರಿಗೆ ಎಷ್ಟು ವೋಲ್ಟ್ ಬರ್ತಿದೆ, ಯಾವ ದೋಷ ದಾಖಲಾಗಿದೆ, ಎಲ್ಲಾ.

ಈ ಕಿಟಕಿಯನ್ನು ಕಂಪನಿಗಳು ಪ್ರೀತಿಯಿಂದ ಕೊಟ್ಟಿದ್ದಲ್ಲ. ಹೊಗೆಮಂಜಿನಲ್ಲಿ ಉಸಿರುಗಟ್ಟಿದ್ದ ಕ್ಯಾಲಿಫೋರ್ನಿಯಾದ ವಾಯುಮಾಲಿನ್ಯ ಮಂಡಳಿ ಹಟ ಹಿಡಿದು ಇದರ ಮೊದಲ ರೂಪ ತಂದಿತು. 1990ರಲ್ಲಿ ಅಮೆರಿಕದ ಕ್ಲೀನ್ ಏರ್ ಆ್ಯಕ್ಟ್‌ಗೆ ತಿದ್ದುಪಡಿ ಬಂತು. ಹೊಗೆಗೆ ಸಂಬಂಧಿಸಿದ ಭಾಗಗಳು ಕೆಟ್ಟರೆ ಗಾಡಿಯೇ ಹೇಳಬೇಕು, ಅದನ್ನು ರಿಪೇರಿ ಮಾಡಲು ಬೇಕಾದ ಮಾಹಿತಿಯನ್ನು ಹೊರಗಿನ ಮೆಕ್ಯಾನಿಕ್‌ಗಳಿಗೂ ಕೊಡಬೇಕು ಎಂದು ಆ ಕಾನೂನು ಹೇಳಿತು. 1996ರಿಂದ ಅಲ್ಲಿನ ಎಲ್ಲಾ ಹೊಸ ಕಾರುಗಳಲ್ಲಿ ಒಬಿಡಿ-2 ಕಡ್ಡಾಯವಾಯಿತು. ಭಾರತದಲ್ಲಿ ಬಿಎಸ್-4 ಗಾಡಿಗಳಿಗೆ ಇದರ ಮೊದಲ ಹಂತ 2010ರಲ್ಲಿ, ಎರಡನೇ ಹಂತ 2013ರ ಏಪ್ರಿಲ್‌ನಲ್ಲಿ ಬಂತು.

ಇದನ್ನು ಗಮನಿಸಿ. ಡ್ಯಾಶ್‌ಬೋರ್ಡಿನಲ್ಲಿ ಉರಿಯುವ ಹಳದಿ 'ಚೆಕ್ ಇಂಜಿನ್' ದೀಪ ಮೂಲತಃ ಮಾಲಿನ್ಯ ತಡೆಯೋ ದೀಪ. ಶುದ್ಧ ಗಾಳಿ ಬೇಕು ಎಂದವರೇ ರಿಪೇರಿ ಮಾಹಿತಿಯೂ ಬೇಕು ಎಂದರು. ಗಾಡಿ ಸರಿಹೋಗದೆ ಗಾಳಿ ಸರಿಹೋಗಲ್ಲ ಅನ್ನೋ ಸರಳ ಲೆಕ್ಕ. ಪರಿಸರ ಒಂದು ಕಡೆ, ಹಳೇ ಗಾಡಿ ಇಟ್ಟುಕೊಂಡವರು ಇನ್ನೊಂದು ಕಡೆ ಅಂತ ನಾವು ಜಗಳ ಹಚ್ಚಿದ್ದೇವಲ್ಲ, ಆ ಜಗಳ ಹುಟ್ಟುವ ಮೊದಲೇ ಅದಕ್ಕೆ ಉತ್ತರ ಇತ್ತು.

ಕೋಡ್ ಅಂದ್ರೆ ಎಫ್‌ಐಆರ್, ತೀರ್ಪಲ್ಲ

ಈ ಮಾತು ಅರ್ಥವಾಗಲು ನನ್ನದೇ ಗಾಡಿಯ ಒಂದು ಪ್ರಕರಣ ಹೇಳ್ತೀನಿ. 2014ರಲ್ಲಿ ಬೆಂಗಳೂರಲ್ಲಿ ನೋಂದಣಿಯಾದ ಡೀಸೆಲ್ ಎಸ್‌ಯುವಿ, ನಾನು ಮೂರನೇ ಮಾಲೀಕ, ಓಡಿದ್ದು ಎರಡು ಲಕ್ಷ ಕಿಲೋಮೀಟರಿಗೂ ಹೆಚ್ಚು. ಕಳೆದ ವರ್ಷ ಅದಕ್ಕೆ ಏರು ದಾರಿಯಲ್ಲಿ ಉಸಿರು ಕಟ್ಟತೊಡಗಿತು. ಆ್ಯಕ್ಸಿಲರೇಟರ್ ಒತ್ತಿದರೆ ವೇಗ ಬರ್ತಿರಲಿಲ್ಲ, ಹಿಂದೆ ಕಪ್ಪು ಹೊಗೆ ಬರ್ತಿತ್ತು. ಹಿಂದಿನ ಬೈಕಿನವರು ಬೈಯೋದು ಕನ್ನಡಿಯಲ್ಲಿ ಕಾಣ್ತಿತ್ತು. ಒಂದು ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನ್ ಮಾಡಿ, ಟರ್ಬೊ ಹೋಗಿದೆ, ಬದಲಾಯಿಸಬೇಕು ಎಂದು ಎಪ್ಪತ್ತು ಸಾವಿರದ ಎಸ್ಟಿಮೇಟ್ ಕೊಟ್ಟರು. 'ಸರ್, ಗಾಡಿಗೆ ವಯಸ್ಸಾಯ್ತು, ಇದಕ್ಕೆ ಇಷ್ಟು ಹಾಕೋ ಬದಲು ಎಕ್ಸ್‌ಚೇಂಜ್ ನೋಡಿ' ಅಂತ ಸಲಹೆಯೂ ಬಂತು.

ಮನೆಗೆ ಬಂದು ನಾನೇ ಸ್ಕ್ಯಾನ್ ಮಾಡಿದೆ. ಬಂದಿದ್ದು ಪಿ0299 ಅನ್ನೋ ಕೋಡ್. ಟರ್ಬೊ ಒತ್ತಡ ಇರಬೇಕಾದ್ದಕ್ಕಿಂತ ಕಡಿಮೆ ಇದೆ ಅಂತ ಅದರ ಅರ್ಥ. ಟರ್ಬೊ ಕೆಟ್ಟಿದೆ ಅಂತ ಅಲ್ಲ. ಎಫ್‌ಐಆರ್‌ನಲ್ಲಿ ಹೆಸರು ಬಂದಾಕ್ಷಣ ಯಾರೂ ಅಪರಾಧಿ ಆಗಲ್ಲ, ತನಿಖೆ ಆಗಬೇಕು ಅಂತ ನಾವು ದಿನಾ ಬರೀತೀವಿ. ಗಾಡಿಗೂ ಅದೇ ನ್ಯಾಯ. ಒತ್ತಡ ಕಡಿಮೆಯಾಗಲು ಟರ್ಬೊ ಕಾರಣ ಇರಬಹುದು, ಅದನ್ನು ನಿಯಂತ್ರಿಸೋ ವ್ಯಾಕ್ಯೂಮ್ ಪೈಪ್ ಇರಬಹುದು, ಸೆನ್ಸರ್ ಸುಳ್ಳು ಹೇಳ್ತಿರಬಹುದು, ಗಾಳಿ ದಾರಿಯಲ್ಲೇ ಸೋರಿಹೋಗ್ತಿರಬಹುದು.

ಮೊದಲು ಸೆನ್ಸರ್ ವಿಚಾರಣೆ. ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿದಾಗ ಒತ್ತಡದ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನ ಕಡಲ ದಂಡೆಯಲ್ಲಾದರೆ ಅದು 101 ಕಿಲೋಪ್ಯಾಸ್ಕಲ್ ಹತ್ತಿರ, ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರೋ ಬೆಂಗಳೂರಲ್ಲಿ 91ರ ಆಸುಪಾಸು. ನನ್ನ ಫೋನಿನಲ್ಲಿ 91 ಬಂತು, ಅಂದ್ರೆ ಸೆನ್ಸರ್ ನಿಜ ಹೇಳ್ತಿದೆ. ಆಮೇಲೆ ಗೆಳೆಯನನ್ನು ಡ್ರೈವರ್ ಸೀಟಲ್ಲಿ ಕೂರಿಸಿ, ನಾನು ಪಕ್ಕದಲ್ಲಿ ಫೋನ್ ಹಿಡಿದು, ಖಾಲಿ ಏರು ರಸ್ತೆಯಲ್ಲಿ ಮೂರನೇ ಗೇರಲ್ಲಿ ಹತ್ತಿಸಿದೆವು. 200ರ ಹತ್ತಿರ ಹೋಗಬೇಕಿದ್ದ ಒತ್ತಡ 130 ದಾಟಲೇ ಇಲ್ಲ. ಆದರೆ ಟರ್ಬೊ ತಿರುಗೋ ಶಿಳ್ಳೆ ಸ್ಪಷ್ಟವಾಗಿ ಕೇಳ್ತಿತ್ತು, ಜೊತೆಗೆ ಬುಸ್ಸ್ ಅನ್ನೋ ಇನ್ನೊಂದು ಸದ್ದು.

ಇಂಜಿನ್ ಆರಿದ ಮೇಲೆ ನಮ್ಮ ಬೀದಿಯ ಮೆಕ್ಯಾನಿಕ್ ಜೊತೆ ಕೂತು ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗೋ ರಬ್ಬರ್ ಹೋಸ್ ಬಿಚ್ಚಿದೆವು. ಕೆಳಭಾಗದಲ್ಲಿ, ಮೇಲಿಂದ ನೋಡಿದರೆ ಕಾಣದ ಕಡೆ, ಎರಡು ಇಂಚು ಸೀಳಿತ್ತು. ಸುತ್ತ ಎಣ್ಣೆ ಮಸಿ. ಹೊಸ ಹೋಸ್, ಎರಡು ಕ್ಲಿಪ್, ಕೂಲಿ ಸೇರಿ ಎರಡೂವರೆ ಸಾವಿರ ರೂಪಾಯಿ. 'ಸರ್, ರಬ್ಬರ್ ಹರಿದಿದ್ದಕ್ಕೆ ಗಾಡೀನೇ ಗುಜರಿಗೆ ಹಾಕಕ್ಕಾಗುತ್ತಾ?' ಅಂತ ಆತ ನಕ್ಕ.

ಕಪ್ಪು ಹೊಗೆಯೂ ಅವತ್ತೇ ನಿಂತಿತು. ಕಾರಣ ಸರಳ. ಕಂಪ್ಯೂಟರ್ ಒಳಗೆ ಬಂದ ಗಾಳಿಯನ್ನು ಬಾಗಿಲಲ್ಲೇ ಅಳೆದು, ಅದಕ್ಕೆ ತಕ್ಕ ಡೀಸೆಲ್ ಸುರೀತಿತ್ತು. ಆದರೆ ಗಾಳಿಯ ಒಂದು ಭಾಗ ಹರಿದ ಹೋಸಿನಲ್ಲಿ ಆಚೆ ಹೋಗ್ತಿತ್ತು. ಗಾಳಿ ಕಡಿಮೆ, ಡೀಸೆಲ್ ಜಾಸ್ತಿ, ಅರ್ಧ ಸುಟ್ಟಿದ್ದು ಮಸಿಯಾಗಿ ಹೊರಗೆ. ಈ ಗಾಡಿಯ ಮಾಲಿನ್ಯಕ್ಕೆ ಕಾರಣ ಅದರ ಜನ್ಮದಿನಾಂಕ ಆಗಿರಲಿಲ್ಲ, ಹರಿದ ರಬ್ಬರ್ ಆಗಿತ್ತು. ಯಾವ ನಂಬರ್ ಪ್ಲೇಟ್ ಕ್ಯಾಮೆರಾಗೂ ಇದು ಕಾಣಲ್ಲ.

ಮನೆಯಲ್ಲಿ ಏನೇನು ನೋಡಬಹುದು

ಇದಕ್ಕೆ ಇಂಜಿನಿಯರಿಂಗ್ ಡಿಗ್ರಿ ಬೇಕಿಲ್ಲ. ನಾಲ್ಕು ವರ್ಷ ಓದಿದ ನಮಗೆ ಕಾಲೇಜಿನಲ್ಲಿ ಬಾನೆಟ್ ಎತ್ತೋದನ್ನು ಯಾರೂ ಕಲಿಸಿರಲಿಲ್ಲ. ಬೇಕಿರೋದು ಒಂದು ಒಬಿಡಿ ಸಾಧನ, ಒಂದು ಮಲ್ಟಿಮೀಟರ್, ಟಾರ್ಚ್, ಒಂದು ನೋಟ್‌ಬುಕ್.

ಬ್ಯಾಟರಿ: ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ ಇದ್ದರೆ ಪೂರ್ತಿ ಚಾರ್ಜ್ ಆಗಿದೆ ಎಂದರ್ಥ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಅಷ್ಟು ಬರದಿದ್ದರೆ ಹೊಸ ಬ್ಯಾಟರಿ ಕೊಳ್ಳೋ ಮೊದಲು ಆಲ್ಟರ್ನೇಟರ್, ಬೆಲ್ಟ್, ವೈರುಗಳನ್ನು ನೋಡಿಸಿ. ಎಷ್ಟೋ ವಿಚಿತ್ರ ಕೋಡ್‌ಗಳ ಹಿಂದೆ ಸುಸ್ತಾದ ಬ್ಯಾಟರಿ ಅಥವಾ ತುಕ್ಕು ಹಿಡಿದ ಅರ್ತಿಂಗ್ ಇರುತ್ತೆ.

ಟೈರ್: ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಗುಂಡಿ ಚೆನ್ನಾಗಿ ಕಂಡರೂ ರಬ್ಬರ್ ಮುದಿಯಾಗಿ ಬಿರುಕು ಬಿಟ್ಟಿರಬಹುದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಮೊದಲು ಇದನ್ನು ಓದಿ.

ಕೂಲಂಟ್, ಬ್ರೇಕ್ ಆಯಿಲ್: ತಣ್ಣಗಿರುವಾಗ ಮಟ್ಟ ನೋಡಿ ಬರೆದಿಡಿ. ತಿಂಗಳಿಂದ ತಿಂಗಳಿಗೆ ಕೂಲಂಟ್ ಇಳೀತಿದ್ದರೆ ಎಲ್ಲೋ ಸೋರ್ತಿದೆ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೀಬೇಡಿ, ಮುಖ ಸುಡುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ಹಾಗಾಗಿ ಕಡಿಮೆ ಓಡಿದ್ದರೂ ಕಾಲಕಾಲಕ್ಕೆ ಬದಲಾಯಿಸಬೇಕು.

ಕೋಡ್: ಅಳಿಸೋ ಮೊದಲು ಬರೆದುಕೊಳ್ಳಿ. ಅಳಿಸೋದು ರಿಪೇರಿ ಅಲ್ಲ, ಸಾಕ್ಷ್ಯನಾಶ. ಹಳೇ ಗಾಡಿ ನೋಡಲು ಹೋದಾಗ ಆ್ಯಪ್‌ನಲ್ಲಿ ಕೋಡ್ ಒಂದೂ ಇಲ್ಲ, ಆದರೆ ಮಾನಿಟರ್‌ಗಳು ಇನ್ನೂ 'ರೆಡಿ' ಆಗಿಲ್ಲ ಅಂತ ತೋರಿಸಿದರೆ, ಇತ್ತೀಚೆಗಷ್ಟೇ ಯಾರೋ ಅಳಿಸಿರಬಹುದು ಅಥವಾ ಬ್ಯಾಟರಿ ಕಳಚಿರಬಹುದು. ಮಾರುವವರನ್ನು ಕೇಳಿ.

ಮನೆಯಲ್ಲಿ ಮಾಡಬಾರದ್ದೂ ಇದೆ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬೇಡಿ. ಏರ್‌ಬ್ಯಾಗ್ ವೈರು ಮುಟ್ಟಬೇಡಿ. ಕಾಮನ್ ರೈಲ್ ಡೀಸೆಲ್ ಇಂಜಿನ್‌ನ ಇಂಧನ ಪೈಪುಗಳಲ್ಲಿ ಸಾವಿರ ಬಾರ್‌ಗೂ ಹೆಚ್ಚು ಒತ್ತಡ ಇರುತ್ತೆ, ಅಲ್ಲಿಂದ ಚಿಮ್ಮೋ ಸಣ್ಣ ಧಾರೆಯೂ ಚರ್ಮ ತೂರಿ ಒಳಗೆ ಹೋಗುತ್ತೆ. ಇಳಿಸಿದ ಹಳೇ ಆಯಿಲ್ಲನ್ನು ಚರಂಡಿಗೆ ಸುರಿಯಬೇಡಿ. ಕಾನೂನಿನ ಲೆಕ್ಕದಲ್ಲಿ ಅದು ಅಪಾಯಕಾರಿ ತ್ಯಾಜ್ಯ, ಸಂಗ್ರಹಿಸಿ ಕೊಡೋ ಗ್ಯಾರೇಜಿಗೆ ಒಪ್ಪಿಸಿ.

ಇಷ್ಟು ಮಾಡಿದರೆ ನೀವು ಮೆಕ್ಯಾನಿಕ್ ಆಗಲ್ಲ. ಪ್ರಶ್ನೆ ಕೇಳಬಲ್ಲ ಗ್ರಾಹಕರಾಗ್ತೀರಿ. 'ಟರ್ಬೊ ಹೋಗಿದೆ' ಎಂದಾಗ 'ಹೋಸ್ ನೋಡಿದ್ರಾ, ಒತ್ತಡ ಎಷ್ಟು ಬಂತು?' ಅಂತ ಕೇಳೋಕೆ ಬರುತ್ತೆ. ಪ್ರಜಾಪ್ರಭುತ್ವದಲ್ಲಿ ಆರ್‌ಟಿಐ ಮಾಡೋ ಕೆಲಸವನ್ನು ಬಾನೆಟ್ ಕೆಳಗೆ ಒಬಿಡಿ ಮಾಡುತ್ತೆ.

ಕಿಟಕಿ ಎಲ್ಲಿ ಮುಚ್ಚುತ್ತೆ

ಆದರೆ ಈ ಕಿಟಕಿ ತೆರೆದಿರೋದು ಒಂದು ಮಿತಿವರೆಗೆ ಮಾತ್ರ. ಪಿ0ಯಿಂದ ಶುರುವಾಗುವ ಕೋಡ್‌ಗಳು ಎಲ್ಲಾ ಕಂಪನಿಗಳಿಗೂ ಸಾಮಾನ್ಯ. ಪಿ1 ಅಂದ್ರೆ ಸಾಮಾನ್ಯವಾಗಿ ಕಂಪನಿಯ ಖಾಸಗಿ ಭಾಷೆ. ಎಬಿಎಸ್, ಏರ್‌ಬ್ಯಾಗ್, ಕೀ ಇವುಗಳಲ್ಲಿ ಬಹುಪಾಲು ಅಗ್ಗದ ಸಾಧನಕ್ಕೆ ಎಟುಕಲ್ಲ. ಇಂಜೆಕ್ಟರ್ ಬದಲಾಯಿಸಿದರೆ ಅನೇಕ ಇಂಜಿನ್‌ಗಳಲ್ಲಿ ಅದರ ಮೈಮೇಲಿನ ಸಂಕೇತವನ್ನು ಕಂಪ್ಯೂಟರಿಗೆ ಬರೆಯಬೇಕು, ಅದಕ್ಕೆ ತಕ್ಕ ಸ್ಕ್ಯಾನರ್ ಬೇಕು. 2020ರ ನಂತರದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆ ಸೋಸುವ ಫಿಲ್ಟರ್ ಕಟ್ಟಿಕೊಂಡು ತಾನಾಗಿ ಶುದ್ಧವಾಗದಿದ್ದರೆ, ಅದನ್ನು ಸ್ಕ್ಯಾನರ್ ಮೂಲಕವೇ ಬಲವಂತವಾಗಿ ಸುಡಿಸಬೇಕು. ಇಂದಿನ ಹೊಸ ಗಾಡಿ ನಾಳೆ ಹಳತಾಗುತ್ತೆ. ಆಗ ಬೀಗದ ಕೈ ಯಾರ ಹತ್ತಿರ ಇರುತ್ತೆ?

ಈ ಜಗಳ ನಮ್ಮ ದೇಶದಲ್ಲಿ ಹೊಸದಲ್ಲ. 2011ರಲ್ಲಿ ಒಬ್ಬ ನಾಗರಿಕ ಕೊಟ್ಟ ದೂರಿನಿಂದ ಶುರುವಾದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ, ತಾಂತ್ರಿಕ ಕೈಪಿಡಿ, ದೋಷ ಪತ್ತೆ ಸಾಧನಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿ ಗ್ರಾಹಕರನ್ನು ಕಟ್ಟಿಹಾಕಿದ್ದೀರಿ, ಅವನ್ನು ತೆರೆಯಿರಿ ಎಂದಿತು. ಆಮೇಲೆ ವಿಷಯ ಮೇಲ್ಮನವಿಗಳ ದಾರಿ ಹಿಡಿಯಿತು.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 'ರಿಪೇರಿ ಹಕ್ಕು' ಕುರಿತು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ವಾಹನವೂ ಅದರ ಪಟ್ಟಿಯಲ್ಲಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ಬಂತು. ಪೋರ್ಟಲ್ ಅಂದ್ರೆ ಕಾನೂನಲ್ಲ. ಅಲ್ಲಿ ಮಾಹಿತಿ ಹಾಕಿದರೆ ಕಂಪನಿಯ ಉಪಕಾರ, ಹಾಕದಿದ್ದರೆ ನಮ್ಮ ಹಣೆಬರಹ. ಇನ್ನೊಂದು ಕಡೆ ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ವಾಹನ ರಿಪೇರಿ ಹಕ್ಕಿಗೆ ಓಟು ಹಾಕಿ ಗೆಲ್ಲಿಸಿದರು. ಗಾಡಿಯಿಂದ ಕಂಪನಿಗೆ ನಿಸ್ತಂತುವಾಗಿ ಹೋಗೋ ಮಾಹಿತಿಯೂ ಮಾಲೀಕರಿಗೆ ಸಿಗಬೇಕೆಂದು 2020ರಲ್ಲಿ ಮತ್ತೆ ಓಟು ಹಾಕಿದರು. ಹಕ್ಕು ಪೋರ್ಟಲ್‌ನಿಂದ ಬರಲಿಲ್ಲ, ರಾಜಕೀಯದಿಂದ ಬಂತು.

ಬೀಗ ಬಿದ್ದಾಗ ಮೊದಲು ಹೊರಗೆ ಉಳಿಯುವವರು ಯಾರು? ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರದ ಗಲ್ಲಿಗಳಿಂದ ಹಿಡಿದು ಪ್ರತಿ ತಾಲೂಕಿನ ಬಸ್‌ಸ್ಟ್ಯಾಂಡ್ ಹಿಂಭಾಗದವರೆಗೆ, ಹನ್ನೆರಡು-ಹದಿಮೂರು ವಯಸ್ಸಿಗೆ ಸ್ಪಾನರ್ ಹಿಡಿದು ಗುರುವಿನ ಕೈಕೆಳಗೆ ಕಲಿತ ಮೆಕ್ಯಾನಿಕ್‌ಗಳು. ಅವರಲ್ಲಿ ಬಹಳ ಜನ ಶಾಲೆ ಮುಗಿಸಲಾಗದ ಬಡ ಮುಸ್ಲಿಂ, ದಲಿತ, ಹಿಂದುಳಿದ ಮನೆಗಳಿಂದ ಬಂದವರು. ಸದ್ದು ಕೇಳಿ ರೋಗ ಹೇಳೋ ವಿದ್ಯೆ ಅವರದು. ಅದಕ್ಕೆ ಸರ್ಟಿಫಿಕೇಟ್ ಇಲ್ಲ. ಗಾಡಿ ಸಾಫ್ಟ್‌ವೇರ್ ಆದಷ್ಟೂ ಆ ವಿದ್ಯೆಗೆ ಬೆಲೆ ಕಡಿಮೆಯಾಗುತ್ತೆ. ಕೌಶಲ್ಯ ಕಡಿಮೆಯಾಗಿದ್ದಕ್ಕಲ್ಲ, ಪಾಸ್‌ವರ್ಡ್ ಅವರ ಹತ್ತಿರ ಇಲ್ಲದ್ದಕ್ಕೆ.

ಹಾಗಾದ್ರೆ ಹೊಗೆ ಕುಡಿಯೋಣವಾ?

ಖಂಡಿತ ಬೇಡ. ಇಲ್ಲಿ ಗಂಭೀರವಾದ ಪ್ರತಿವಾದ ಇದೆ. ಹಳೇ ಡೀಸೆಲ್ ಗಾಡಿ, ಅದರಲ್ಲೂ ಬಿಎಸ್-3 ಮತ್ತು ಅದಕ್ಕಿಂತ ಹಿಂದಿನದು, ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಬಿಎಸ್-6 ಆಗಲ್ಲ. ಅದರಲ್ಲಿ ಹೊಗೆ ಸೋಸುವ ಫಿಲ್ಟರೇ ಇಲ್ಲ. ಅದರ ಮಸಿ ಹೋಗೋದು ಎಸಿ ಕಾರಲ್ಲಿ ಗಾಜು ಏರಿಸಿ ಕೂತವರ ಎದೆಗಲ್ಲ, ಟ್ರಾಫಿಕ್ ಪೊಲೀಸ್, ಬೀದಿಬದಿ ವ್ಯಾಪಾರಿ, ಪೌರಕಾರ್ಮಿಕರ ಎದೆಗೆ. 'ನನ್ನ ಗಾಡಿ ನನ್ನ ಹಕ್ಕು' ಅನ್ನೋ ಮಾತು ಅವರ ಮುಂದೆ ನಿಲ್ಲಲ್ಲ. ಕಿಕ್ಕಿರಿದ ನಗರಗಳಲ್ಲಿ ಇಂಥ ಗಾಡಿಗಳಿಗೆ ಮಿತಿ ಬೇಕು ಅನ್ನೋದನ್ನು ನಾನು ಒಪ್ತೀನಿ.

ಆದರೆ ಮಿತಿ ಹಾಕೋಕೆ ವಯಸ್ಸು ಎಷ್ಟು ಕೆಟ್ಟ ಅಳತೆ ನೋಡಿ. 2010ರ ಏಪ್ರಿಲ್‌ನಲ್ಲಿ ಬಿಎಸ್-4 ಬಂದಿದ್ದು ಬೆಂಗಳೂರೂ ಸೇರಿ 13 ನಗರಗಳಿಗೆ ಮಾತ್ರ. ಇಡೀ ದೇಶಕ್ಕೆ ಕಡ್ಡಾಯವಾಗಿದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ 2014ರಲ್ಲಿ ಬೆಂಗಳೂರಲ್ಲಿ ನೋಂದಣಿಯಾದ ಎಸ್‌ಯುವಿ ಬಿಎಸ್-4 ಆಗಿದ್ದರೆ, ಅದೇ ಮಾದರಿಯನ್ನು ಅದೇ ವರ್ಷ ಕೊಪ್ಪಳದಲ್ಲಿ ಕೊಂಡವರಿಗೆ ಬಿಎಸ್-3 ಸಿಕ್ಕಿರಬಹುದು. ಹುಟ್ಟಿದ ವರ್ಷ ಒಂದೇ, ಹೊಗೆ ಬೇರೆ. ಎಮಿಷನ್ ಟೆಸ್ಟ್‌ನ ನಿಯಮಕ್ಕೆ ಇದು ಗೊತ್ತಿದೆ: ಡೀಸೆಲ್ ಹೊಗೆಯ ದಟ್ಟಣೆಗೆ ಬಿಎಸ್-4ಕ್ಕಿಂತ ಹಿಂದಿನ ಗಾಡಿಗೆ 2.45 ಮಿತಿಯಾದರೆ ಬಿಎಸ್-4ಕ್ಕೆ 1.62. ವಯಸ್ಸಿನ ನಿಯಮಕ್ಕೆ ಮಾತ್ರ ಗೊತ್ತಿಲ್ಲ. ಸುಪ್ರೀಂ ಕೋರ್ಟ್ 2025ರ ಡಿಸೆಂಬರ್‌ನಲ್ಲಿ ಬಿಎಸ್ ಆಧಾರದಲ್ಲಿ ಗೆರೆ ಎಳೆದದ್ದು ಅರ್ಧ ದಾರಿ. ಇನ್ನರ್ಧ, ಆ ಗಾಡಿಯ ಇವತ್ತಿನ ಸ್ಥಿತಿ.

ಸ್ಥಿತಿ ಅಳೆಯೋ ವ್ಯವಸ್ಥೆ ನಮ್ಮಲ್ಲಿ ಹೇಗಿದೆ ಅನ್ನೋದು ನಿಮಗೂ ಗೊತ್ತು. ರಸ್ತೆ ಬದಿಯ ವ್ಯಾನಿಗೆ ಹೋಗ್ತೀರಿ, ಫೋಟೊ ಹೊಡೀತಾರೆ, ಕಾಗದ ಕೊಡ್ತಾರೆ. ದೆಹಲಿಯ ವಾಹನ ಮಾಲಿನ್ಯದ ಬಗ್ಗೆ 2025ರಲ್ಲಿ ಮಂಡನೆಯಾದ ಸಿಎಜಿ ವರದಿ, ಮಿತಿ ಮೀರಿದ ಲಕ್ಷಕ್ಕೂ ಹೆಚ್ಚು ವಾಹನಗಳಿಗೆ 'ಪಾಸ್' ಪ್ರಮಾಣಪತ್ರ ಕೊಟ್ಟಿದ್ದನ್ನು ಬಯಲಿಗೆಳೆಯಿತು. ಟೆಸ್ಟ್ ನಂಬೋಕಾಗದ್ದರಿಂದಲೇ ಸರ್ಕಾರಗಳಿಗೆ ವಯಸ್ಸು ಇಷ್ಟ. ಅದಕ್ಕೆ ಲಂಚ ಕೊಟ್ಟು ಕಡಿಮೆ ಮಾಡಿಸೋಕಾಗಲ್ಲ. ಅಂದ್ರೆ ಆಡಳಿತದ ಸೋಲಿನ ಬಿಲ್ಲನ್ನು ಗಾಡಿ ಚೆನ್ನಾಗಿಟ್ಟುಕೊಂಡವರು ಕಟ್ತಿದ್ದಾರೆ.

ರಿಪೇರಿ ಮಾಡೋ ನಮ್ಮ ಕಡೆಯೂ ಕೊಳೆ ಇದೆ. ಇಜಿಆರ್ ಅನ್ನೋ ಭಾಗ ಹೊಗೆಯ ಒಂದಷ್ಟನ್ನು ಮತ್ತೆ ಇಂಜಿನ್‌ಗೆ ಕಳಿಸಿ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುತ್ತೆ. ಹಳೇ ಡೀಸೆಲ್‌ಗಳಲ್ಲಿ ಅದು ಮಸಿ ಕಟ್ಟಿ ತೊಂದರೆ ಕೊಟ್ಟಾಗ, ಬಿಚ್ಚಿ ತೊಳೆಯೋ ಬದಲು ಒಂದು ತಗಡು ಹಾಕಿ ಮುಚ್ಚಿಬಿಡೋ ಚಾಳಿ ಇದೆ. 'ಪಿಕಪ್ ಬರುತ್ತೆ ಅಣ್ಣ' ಅಂತ ಹೇಳಿ ಮಾಡ್ತಾರೆ. ಅದು ರಿಪೇರಿ ಅಲ್ಲ, ನಮ್ಮ ಖರ್ಚನ್ನು ಬೀದಿಯ ಜನರ ಶ್ವಾಸಕೋಶಕ್ಕೆ ವರ್ಗಾಯಿಸೋದು. ಸರಿಯಾದ ರಿಪೇರಿ ದುಬಾರಿ, ಮಾಹಿತಿ ಬೀಗದಲ್ಲಿ, ಟೆಸ್ಟ್ ನಾಮಕಾವಸ್ತೆ ಆದಾಗ ತಗಡಿನ ಮಾರುಕಟ್ಟೆ ಬೆಳೆಯುತ್ತೆ. ಮೂರನ್ನೂ ಒಟ್ಟಿಗೆ ಸರಿಮಾಡದೆ ಅದು ನಿಲ್ಲಲ್ಲ.

ಏನು ಕೇಳಬೇಕು

ಮೊದಲನೆಯದು, ಕೇಂದ್ರದಿಂದ ರಿಪೇರಿ ಹಕ್ಕಿನ ಕಾನೂನು. ಹೊಗೆ ಮತ್ತು ಸುರಕ್ಷತೆಗೆ ಸಂಬಂಧಿಸಿದ ಎಲ್ಲಾ ದೋಷ ಸಂಕೇತ, ವೈರಿಂಗ್ ನಕ್ಷೆ, ಕೈಪಿಡಿಗಳು ನ್ಯಾಯವಾದ ಬೆಲೆಗೆ ಯಾವ ಗ್ಯಾರೇಜಿಗಾದರೂ ಸಿಗಬೇಕು. ಯುರೋಪಿನ ನಿಯಮಗಳು ಹೊರಗಿನ ರಿಪೇರಿದಾರರಿಗೆ ಈ ಮಾಹಿತಿ ಕೊಡಬೇಕು ಅಂತ ಹೇಳಿ ವರ್ಷಗಳಾಗಿವೆ. ಅಲ್ಲೂ ಗಾಡಿ ಮಾರುವ ಕಂಪನಿಗಳಿಗೆ ಇಲ್ಲಿ ಮಾತ್ರ ಕಷ್ಟ ಯಾಕೆ?

ಎರಡನೆಯದು, ವಯಸ್ಸಿನ ಬದಲು ಸ್ಥಿತಿ. ಹಳೆಯದಾದಷ್ಟೂ ಹೆಚ್ಚು ಬಾರಿ, ಹೆಚ್ಚು ಕಟ್ಟುನಿಟ್ಟಿನ ಟೆಸ್ಟ್ ಆಗಲಿ, ಅಭ್ಯಂತರವಿಲ್ಲ. ಹೊಗೆ ಅಳೆಯೋ ಜೊತೆ ಒಬಿಡಿಯನ್ನೂ ಓದಲಿ, ಇಜಿಆರ್ ಮುಚ್ಚಿದ್ದಾರಾ ಅಂತ ನೋಡಲಿ. ಫೇಲಾದವರಿಗೆ ಯಾಕೆ ಫೇಲಾಯಿತು ಅಂತ ಅರ್ಥವಾಗೋ ಕನ್ನಡದಲ್ಲಿ ಚೀಟಿ ಕೊಡಲಿ, ರಿಪೇರಿಗೆ ಸಮಯ ಕೊಡಲಿ. ಸರಿಹೋಗದ ಗಾಡಿ ಗುಜರಿಗೆ ಹೋಗಲಿ.

ಮೂರನೆಯದು ನಮ್ಮ ರಾಜ್ಯದ ಕೈಯಲ್ಲೇ ಇದೆ. ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕೋರ್ಸ್ ದಶಕಗಳಿಂದ ನಡೀತಿದೆ. ಅಲ್ಲಿ ಸಂಜೆ ತರಗತಿ ಮಾಡಿ, ಈಗಾಗಲೇ ಗ್ಯಾರೇಜ್ ನಡೆಸೋ ಮೆಕ್ಯಾನಿಕ್‌ಗಳಿಗೆ ಸ್ಕ್ಯಾನರ್ ವಿದ್ಯೆ ಕಲಿಸಿ ಸರ್ಟಿಫಿಕೇಟ್ ಕೊಡೋಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ತಾಲೂಕಿಗೊಂದು ಒಳ್ಳೆ ಸ್ಕ್ಯಾನರ್ ಇಟ್ಟು ಬಾಡಿಗೆಗೆ ಕೊಡೋದು ದೊಡ್ಡ ಯೋಜನೆಯೇನಲ್ಲ. ಟ್ರ್ಯಾಕ್ಟರ್‌ಗೆ ಬಾಡಿಗೆ ಕೇಂದ್ರ ಮಾಡಿದ ರಾಜ್ಯಕ್ಕೆ ಸ್ಕ್ಯಾನರ್ ಭಾರವಾ?

ನನ್ನ ಗಾಡಿಗೆ 2029ರಲ್ಲಿ 15 ವರ್ಷ ತುಂಬುತ್ತೆ. ಅದರ ಹೊಗೆ ಅಳೆಯಿರಿ, ಮಿತಿ ಮೀರಿದ್ದರೆ ರಸ್ತೆಯಿಂದ ಇಳಿಸಿ, ನಾನು ತಕರಾರು ಮಾಡಲ್ಲ. ನಾನು ಕೇಳೋದು ಇಷ್ಟೇ: ತೀರ್ಪಿಗೂ ಮೊದಲು ತನಿಖೆ ಆಗಲಿ, ಆ ತನಿಖೆಯ ಕಾಗದ ಮಾಲೀಕರ ಕೈಗೂ ಮೆಕ್ಯಾನಿಕ್ ಕೈಗೂ ಸಿಗಲಿ.